ಕರದಂಟು ತಿನ್ನಿಸುವ ಫೋಟೊ

“ಬಾಯಿ ಇನ್ನಷ್ಟು ತೆಗಿಯಪಾ,” ಎಂದೆ. ಮಸಗುಪ್ಪಿಯಲ್ಲಿ ಒಂದು ನಿಶ್ಚಿತಾರ್ಥದ ಫೋಟೊ ತೆಗೆಯುತ್ತಿದ್ದೆ. ಹುಡುಗಿ ಗಟ್ಟಿ ಕರದಂಟಿನ ತುಂಡು ಹಿಡಿದು ನಿಂತಿದ್ದಳು. ಹುಡುಗನ ಬಾಯಿ ಒಂದು ಬೆರಳಿನಷ್ಟು ತೆರೆದು ಅಲ್ಲೇ ನಿಂತಿತು.

“ಹೇಂತಿ ಬರೂಕಿಂತ ಮೊದಲ ಬಾಯಿ ಮುಚ್ಚ್ಯಾನ ನೋಡ್ರಿ!” ಎಂದಳು ಅವನ ಅತ್ತಿಗೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕ್ಯಾಮೆರಾ ಬ್ಯಾಟರಿ ಮುಗಿದಿದೆ ಎಂದು ಸುಳ್ಳು ಹೇಳಿ ಅವನನ್ನು ಹಿತ್ತಲಿಗೆ ಕರೆದೆ.

“ಗುಟಕಾ ತಿಂತೀಯೇನು?”

“ಕಾಲೇಜಿನ್ಯಾಗ ಚಟ ಹತ್ತೈತ್ರಿ ಕಾಕಾ. ಈಗ ಖಾರ ತಿಂದ್ರ ಬಾಯಿ ಉರಿತೈತಿ.”

“ಗುಟಕಾ ತಿಂದು ನನ್ನ ತಮ್ಮಗೂ ಮೊದಲ ಹಿಂಗ ಬಾಯಿ ತೆರಿಯಾಕ ಬರ್ತಿರಲಿಲ್ಲ. ಆಮ್ಯಾಲೆ ಕ್ಯಾನ್ಸರ್ ಆತು. ಅವ ಈಗ ಇಲ್ಲ. ನಾಳೆನ ದವಾಖಾನಿಗೆ ಹೋಗು.”

ಹುಡುಗ ನನ್ನ ಕೈ ಹಿಡಿದುಕೊಂಡ. “ಯಾರಿಗೂ ಹೇಳಬ್ಯಾಡ್ರಿ, ಮದುವಿ ಮುರಿತೈತಿ. ನನಗಿನ್ನೂ ಇಪ್ಪತ್ತೆರಡ್ರಿ. ನನಗ್ಯಾಕ ಕ್ಯಾನ್ಸರ್ ಬರ್ತೈತಿ?”

“ಅವನಿಗೂ ಅಷ್ಟ ವಯಸ್ಸಿತ್ತು.”

ಹಿತ್ತಲ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕರದಂಟು ಇನ್ನೂ ಕೈಯಲ್ಲೇ ಇತ್ತು.

“ಮದುವಿ ಎಲ್ಲಿ ಓಡಿ ಹೋಗ್ತೈತ್ರಿ?” ಎಂದಳು ಅವನಿಗೆ. “ನಾಳೆ ಗೋಕಾಕಕ್ಕ ತೋರಿಸಾಕ ಹೋಗೂಣು. ನಾನೂ ಬರ್ತೇನಿ.”

ಕ್ಯಾನ್ಸರ್ ಆಗಿರಲಿಲ್ಲ. ಗುಟಕಾ ಬಿಡದಿದ್ದರೆ ಆಗಬಹುದು ಎಂದರಂತೆ ಡಾಕ್ಟರು. ಹುಡುಗ ಅಂದೇ ಬಿಟ್ಟನಂತೆ. ಮದುವೆಯ ಫೋಟೊಗೂ ನನ್ನನ್ನೇ ಕರೆದರು. ಗುಟಕಾ ಬಿಟ್ಟರೂ ಅವನ ಬಾಯಿ ಅದೇ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಆಕೆ ಕರದಂಟನ್ನು ಕುಟ್ಟಿ ಪುಡಿ ಮಾಡಿ ತಂದಿದ್ದಳು.