ಹೆಜ್ಜೆಗೆ ತಕ್ಕ ತಾಳ

ವೈದ್ಯಲೋಕದಲ್ಲಿ ಭೌತಚಿಕಿತ್ಸೆ ಎಂಬುದು ಹೊಗಳಿಕೆಗಿಂತ ಬೆವರೇ ಹೆಚ್ಚು ಹರಿಯುವ ಕ್ಷೇತ್ರ. ಶಸ್ತ್ರಚಿಕಿತ್ಸೆ ಮಾಡಿದವರ ಹೆಸರು ರೋಗಿಯ ಬಾಯಲ್ಲಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಆರು ತಿಂಗಳು ಅದೇ ರೋಗಿಯ ಕಂಕುಳಿಗೆ ಕೈಕೊಟ್ಟು ನಡೆಸಿದವರನ್ನು ‘ಆ ಎಕ್ಸರ್‌ಸೈಜ್ ಮೇಡಂ’ ಎಂದು ನೆನೆದರೆ ಅದೇ ದೊಡ್ಡದು. ಇಂಥ ಕ್ಷೇತ್ರದಲ್ಲಿ ಮೂವತ್ನಾಲ್ಕು ವರ್ಷ ಸದ್ದಿಲ್ಲದೆ ದುಡಿದು, ಸದ್ದನ್ನೇ ಔಷಧವಾಗಿ ಬಳಸಿ, ನೂರಾರು ಜನರನ್ನು ಹಾಸಿಗೆಯಿಂದ ಎಬ್ಬಿಸಿ ಬೀದಿಗೆ ಕಳಿಸಿದ ನಮ್ಮ ವಿಭಾಗದ ಮುಖ್ಯಸ್ಥೆ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಗೇಟಿನ ಕಾವಲುಗಾರರಿಂದ ಹಿಡಿದು ಅಧೀಕ್ಷಕರವರೆಗೆ ಎಲ್ಲರಿಗೂ ಅವರು ‘ಡ್ರಮ್ ಮೇಡಂ’. ಈ ಅಡ್ಡಹೆಸರನ್ನು ಮೊದಲು ಇಟ್ಟವರು ಗೇಲಿಗೆ ಇಟ್ಟರು. ನಾವು ಅದನ್ನು ಬಿರುದಿನಂತೆ ಬಳಸುತ್ತೇವೆ. ಅವರ ಕೈಕೆಳಗೆ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು ನಾನು ಎಂಬ ಹೆಮ್ಮೆ ನನಗಿದೆ, ಅದನ್ನು ಇಲ್ಲಿ ಮುಚ್ಚಿಡುವ ಉದ್ದೇಶವೇನೂ ಇಲ್ಲ.

ಅವರ ತಮ್ಮನಿಗೆ ಓದುವ ದಿನಗಳಲ್ಲಿ ಒಂದು ಹೋಮ್ ಕಂಪ್ಯೂಟರ್ ಇತ್ತು. ಕೀಲಿಮಣೆಯೇ ಕಂಪ್ಯೂಟರ್, ಮನೆಯ ಟೀವಿಯೇ ಅದರ ಪರದೆ, ಟೇಪ್ ರೆಕಾರ್ಡರೇ ಅದರ ಉಗ್ರಾಣ. ಕ್ಯಾಸೆಟ್ ಹಾಕಿ ಐದು ನಿಮಿಷ ಕಿರ್ರೋ ಎಂದು ಕಿರುಚಿಸಿದರೆ ಪ್ರೋಗ್ರಾಂ ಒಳಗಿಳಿಯುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಅಡುಗೆಮನೆಯಲ್ಲಿ ಯಾರಾದರೂ ಮಿಕ್ಸಿ ಹಾಕಿದರೆ ಮತ್ತೆ ಮೊದಲಿನಿಂದ. ಗೆಳೆಯರ ಹಾಡಿನ ಗುಂಪಿಗೆಂದು ಆ ತಮ್ಮ ಒಂದು ಡ್ರಮ್ ಪ್ರೋಗ್ರಾಂ ತಂದಿಟ್ಟಿದ್ದರು. ಪರದೆಯ ಮೇಲೆ ಸಾಲಿಗೆ ಮೂವತ್ತೆರಡು ಮನೆಗಳು. ಒಂದು ಸಾಲು ದೊಡ್ಡ ಡ್ರಮ್ಮಿಗೆ, ಇನ್ನೊಂದು ಸಣ್ಣದಕ್ಕೆ. ಯಾವ ಮನೆಯಲ್ಲಿ ಚುಕ್ಕೆ ಇಡುತ್ತೀರೋ ಅಲ್ಲಿ ಪೆಟ್ಟು. ಒಂದು ಬೆಳಕಿನ ಗೆರೆ ಮನೆಯಿಂದ ಮನೆಗೆ ಓಡಿ, ತುದಿ ಮುಟ್ಟಿ, ಮತ್ತೆ ಮೊದಲ ಮನೆಗೆ ಬರುತ್ತಿತ್ತು.

ಸೇವೆಗೆ ಸೇರಿದ ಎರಡನೇ ವರ್ಷ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬರು ಕಾರಿಡಾರಿನಲ್ಲಿ ನಡೆದುಹೋಗುವ ಸದ್ದನ್ನು ಮೇಡಂ ಕುಳಿತಲ್ಲಿಂದಲೇ ಕೇಳಿದರು. ಕುಂಟುನಡಿಗೆಗೆ ತಾಳವಿಲ್ಲ ಎಂದು ಪುಸ್ತಕಗಳು ಹೇಳುತ್ತಿದ್ದವು. ಅವರ ಕಿವಿ ಒಪ್ಪಲಿಲ್ಲ. ಭಾನುವಾರ ಟೀವಿಯ ಮುಂದೆ ಕೂತು, ಗಟ್ಟಿ ಕಾಲಿಗೆ ದೊಡ್ಡ ಡ್ರಮ್ಮು, ಸೋತ ಕಾಲಿಗೆ ಸಣ್ಣ ಡ್ರಮ್ಮು ಎಂದು ಚುಕ್ಕೆ ಇಡುತ್ತಾ, ಕೇಳಿದ್ದನ್ನು ಕೇಳಿದಂತೆಯೇ ಪರದೆಗೆ ತಂದರು. ತಮ್ಮ ಇಣುಕಿ ನೋಡಿ, “ಅಕ್ಕಾ, ಇದು ಯಾವ ಹಾಡಿಗೂ ಆಗಲ್ಲ, ಕುಂಟುತ್ತೆ” ಎಂದರಂತೆ. “ಕುಂಟಲಿ ಅಂತಾನೇ ಮಾಡಿದ್ದು” ಎಂದು ಅಕ್ಕನ ಉತ್ತರ. ಮುಂದೆ ತಮ್ಮ ಹೊಸ ಯಂತ್ರ ಕೊಂಡಾಗ ಹಳೆಯದು ಅಕ್ಕನ ಚೀಲ ಸೇರಿ ಆಸ್ಪತ್ರೆಗೆ ಬಂತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವಲ್ಲ, ಮೇಡಂ ಅವರ ಚಿಕಿತ್ಸೆ ಆ ಗಾದೆಯನ್ನೇ ತಿರುಗಿಸಿ ಹಾಕಿತು. ಅವರು ಮೊದಲು ರೋಗಿಗಾಗಿ ನೆಲವನ್ನೇ ಡೊಂಕು ಮಾಡಿಕೊಟ್ಟರು. ಎರಡು ಹೆಜ್ಜೆ ಸಮ ಬೀಳಬೇಕಾದರೆ ಮೊದಲ ಪೆಟ್ಟು ಒಂದನೇ ಮನೆಯಲ್ಲಿ, ಎರಡನೆಯದು ಹದಿನೇಳನೆಯದರಲ್ಲಿ ಬೀಳಬೇಕು. ರೋಗಿಯ ಸೋತ ಕಾಲು ಇಪ್ಪತ್ತೆರಡರಲ್ಲಿ ಬೀಳುತ್ತಿದ್ದರೆ ಮೇಡಂ ಚುಕ್ಕೆಯನ್ನು ಇಪ್ಪತ್ತೆರಡರಲ್ಲೇ ಇಡುವರು. ತನ್ನ ನಡಿಗೆಯೇ ಡ್ರಮ್ಮಿನಲ್ಲಿ ಕೇಳಿಸಿದಾಗ ರೋಗಿಗೆ ನಾಚಿಕೆ ಬಿಟ್ಟುಹೋಗಿ ಹೆಜ್ಜೆ ಸ್ಥಿರವಾಗಿ ನಿಲ್ಲುತ್ತಿತ್ತು. ನಿಂತ ಮೇಲೆ, ಎಂಟು ಹತ್ತು ದಿನಕ್ಕೊಮ್ಮೆ, ಚುಕ್ಕೆ ಹದಿನೇಳರ ಕಡೆಗೆ ಒಂದೇ ಒಂದು ಮನೆ ಹಿಂದಕ್ಕೆ. ಒಬ್ಬ ರೋಗಿಗೆ ಒಂದು ಕ್ಯಾಸೆಟ್; ಅದರಲ್ಲಿ ಆ ರೋಗಿಯ ನಡಿಗೆಯ ಚರಿತ್ರೆ. ಆಗಿನ ಅಧೀಕ್ಷಕರು ಬಾಗಿಲಲ್ಲಿ ನಿಂತು, ಇದು ಆಸ್ಪತ್ರೆಯೋ ಬ್ಯಾಂಡ್ ಸೆಟ್ಟೋ ಎಂದು ಕೇಳಿದ್ದರು. ಆರು ತಿಂಗಳ ನಂತರ ತಮ್ಮ ಸೋದರಮಾವನನ್ನೇ ಕರೆತಂದು ಅದೇ ಟೀವಿಯ ಮುಂದೆ ನಿಲ್ಲಿಸಿದರು.

ನಾನು ಸೇರಿದ ದಿನ ಮೇಡಂ ನನಗೆ ಯಾವ ಫೈಲನ್ನೂ ಕೊಡಲಿಲ್ಲ. ನನ್ನ ಬಲಮಂಡಿಗೆ ಮಡಿಸಲಾಗದಂತೆ ಪಟ್ಟಿ ಕಟ್ಟಿ, ಸಂಜೆಯವರೆಗೆ ಹಾಗೇ ಕೆಲಸ ಮಾಡಿ ಎಂದರು. ಮೂರು ಮಹಡಿ ಹತ್ತಿ ಇಳಿದೆ, ಕ್ಯಾಂಟೀನಿನ ಬೆಂಚಿನಲ್ಲಿ ಕಾಲು ಚಾಚಿ ಎರಡು ಸಲ ಬೈಸಿಕೊಂಡೆ. ಸಂಜೆ ಪಟ್ಟಿ ಬಿಚ್ಚುತ್ತಾ ಅವರೇ ನನ್ನ ಮಂಡಿ ತಿಕ್ಕಿದರು. ಅಟ್ಟೆ ಕಿತ್ತುಹೋದ ರೋಗಿಗಳ ಬೂಟನ್ನು ಚಮ್ಮಾರರ ಬಳಿ ತಾವೇ ಕೊಂಡೊಯ್ದು ಹೊಲಿಸಿ ತರುತ್ತಿದ್ದವರು ಅವರು. ಇಷ್ಟೆಲ್ಲ ಕಂಡೂ ನಾನು ಆ ಕಂಪ್ಯೂಟರನ್ನು ಮಾತ್ರ ಮನಸ್ಸಿನಲ್ಲೇ ಆಟಿಕೆ ಎಂದು ಕರೆಯುತ್ತಿದ್ದೆ. ಅಕ್ಷರ ಅಳಿಸಿದ ಕೀಲಿಗಳು, ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿ ಬದುಕಿಸಿದ ಉದ್ದ ಕೀಲಿ, ಬಿಸಿಯಾಗದಿರಲೆಂದು ಕೆಳಗಿಟ್ಟ ಎರಡು ಮರದ ತುಂಡು. ಹೊಸದಾಗಿ ಓದಿ ಬಂದವನ ಕೊಬ್ಬಿಗೆ ಅಷ್ಟು ಸಾಕಾಗಿತ್ತು.

ಇನ್ನು ಹೇಳಲಿರುವ ಘಟನೆ ಇಷ್ಟು ವರ್ಷ ನನ್ನ ಗಂಟಲಲ್ಲಿ ನುಂಗಲಾರದ ತುತ್ತಾಗಿ ಉಳಿದದ್ದು.

ಆ ವರ್ಷ ನಮ್ಮಲ್ಲಿ ಬೀದಿ ಬೀದಿ ಸುತ್ತಿ ಪತ್ರ ಹಂಚುವ ಅಂಚೆಯವರೊಬ್ಬರು ಚಿಕಿತ್ಸೆಗೆ ಬರುತ್ತಿದ್ದರು. ಪಾರ್ಶ್ವವಾಯು ಬಲಭಾಗಕ್ಕೆ ಬಡಿದಿತ್ತು. ಪುಣ್ಯಕ್ಕೆ ಮಾತೂ ಕೈಯೂ ಬೇಗ ಮರಳಿದ್ದವು, ಕಾಲು ಮಾತ್ರ ಮುಷ್ಕರ ಹೂಡಿತ್ತು. ಅವರ ಇಲಾಖೆಯ ವೈದ್ಯಕೀಯ ಮಂಡಳಿ ಒಂದು ದಿನಾಂಕ ಕೊಟ್ಟಿತ್ತು. ಅಂದು ಕೋಲಿಲ್ಲದೆ ಉದ್ದ ಪಡಸಾಲೆ ನಡೆದು, ಒಂದು ಮಹಡಿ ಹತ್ತಿಳಿದು ತೋರಿಸಿದರೆ ಅವರ ಬೀದಿಗಳು ಅವರಿಗೆ. ಇಲ್ಲದಿದ್ದರೆ ಬೀದಿ ಸುತ್ತುವ ಕೆಲಸ ಅಲ್ಲಿಗೆ ಮುಗಿಯಿತು. “ಕೂತು ಮುದ್ರೆ ಒತ್ತೋ ಕೆಲಸ ಕೊಡ್ತೀವಿ ಅಂತಾರೆ. ನಾನು ನಡೆಯೋ ಮನುಷ್ಯ ಮೇಡಂ, ಕೂತ್ರೆ ಸತ್ತೋಗ್ತೀನಿ” ಎಂದು ಅವರು ಮೊದಲ ದಿನವೇ ಹೇಳಿದ್ದರು. ಇಪ್ಪತ್ಮೂರನೇ ಮನೆಯಲ್ಲಿ ಶುರುವಾದ ಅವರ ಬಲಗಾಲನ್ನು ಮೇಡಂ ಇಪ್ಪತ್ತಕ್ಕೆ ತಂದಿದ್ದರು. ಆಗ ಮೇಡಂ ಅವರ ಅಕ್ಕನಿಗೆ ಬೇರೆ ಊರಿನಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿ, ಹನ್ನೆರಡು ದಿನ ರಜೆ ಹಾಕಬೇಕಾಯಿತು. ಹೋಗುವ ಮುನ್ನ ನೋಟ್‌ಬುಕ್ಕಿನಲ್ಲಿ ಎರಡು ಬಣ್ಣದ ಶಾಯಿಯಲ್ಲಿ ನನಗೆ ಬರೆದಿಟ್ಟರು: ಅಂಚೆಯವರದು ಇಪ್ಪತ್ತರಲ್ಲೇ ಇರಲಿ, ಕದಲಿಸಬೇಡಿ.

ಆತುರಗಾರನಿಗೆ ಬುದ್ಧಿ ಮಟ್ಟ. ಎರಡು ದಿನ ಆ ಪ್ರೋಗ್ರಾಮಿನ ಕಿರುಚಾಟ ಕೇಳಿ ನನಗೆ ಸಾಕಾಯಿತು. ಕೊನೆಗೆ ತಲುಪಬೇಕಾದದ್ದು ಸಮತಾಳವೇ ಆದರೆ ಇವತ್ತೇ ಯಾಕೆ ಕೊಡಬಾರದು ಎಂದು ನನ್ನ ತರ್ಕ. ಮನೆಯ ಪಕ್ಕದ ಸಂಗೀತ ಶಿಕ್ಷಕರಲ್ಲಿ ತಾಳ ಹಾಕುವ ಪುಟ್ಟ ಯಂತ್ರವಿತ್ತು, ಎರವಲು ತಂದೆ. ರೆಕಾರ್ಡ್ ಮಾಡಲು ಖಾಲಿ ಕ್ಯಾಸೆಟ್ ಹುಡುಕುವಾಗ ‘ಅಂಚೆ’ ಎಂದು ಬರೆದದ್ದು ಸಿಕ್ಕಿತು. ಅದನ್ನು ಮಾಮೂಲಿ ಟೇಪ್ ರೆಕಾರ್ಡರಿನಲ್ಲಿ ಹಾಕಿದೆ, ಕರ್ಕಶವಾಗಿ ಕಿರುಚಿತು. ಹಾಳಾದ ಟೇಪು ಎಂದುಕೊಂಡು, ಅದರ ಮೇಲೆಯೇ ಅರ್ಧ ಗಂಟೆ ಟಿಕ್ ಟಿಕ್ ತುಂಬಿಸಿಬಿಟ್ಟೆ. ಆ ಕಿರುಚಾಟವೇ ಅಂಚೆಯವರ ಎರಡು ತಿಂಗಳ ನಡಿಗೆ, ಕಂಪ್ಯೂಟರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿಟ್ಟದ್ದು ಎಂಬುದು ಎರಡು ದಿನವೂ ಅದೇ ಸದ್ದು ಕೇಳಿದ್ದ ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಮತಾಳಕ್ಕೆ ಅವರು ಎರಡು ದಿನ ಹೇಗೋ ಒದ್ದಾಡಿಕೊಂಡು ನಡೆದರು. ಮೂರನೇ ದಿನ ಬಲಗಾಲು ತಾಳವನ್ನು ಹಿಡಿಯಲು ಓಡಿತು, ಮಂಡಿ ಮಡಚಿತು, ಹಿಡಿದು ನಡೆಯುವ ಜೋಡಿ ಕಂಬಿ ಮುಗಿಯುವಲ್ಲಿ ಅವರು ಬಲಕ್ಕೆ ಬಿದ್ದರು. ನಾನು ಎರಡು ಮಾರು ದೂರದಲ್ಲಿದ್ದೆ. ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದರು. ಅದಕ್ಕಿಂತ ಕೆಟ್ಟದ್ದೆಂದರೆ ಅವರು ಗಾಲಿಕುರ್ಚಿಯಿಂದ ಏಳುವುದನ್ನೇ ಬಿಟ್ಟರು. ಮಂಡಳಿಯ ದಿನಕ್ಕೆ ಉಳಿದದ್ದು ಎಂಟು ವಾರ.

ಮೇಡಂ ಮರಳಿ ಬಂದು ಕ್ಯಾಸೆಟ್ ಹಾಕಿದಾಗ ಕಿರ್ರೋ ಎನ್ನಬೇಕಾದಲ್ಲಿ ಟಿಕ್ ಟಿಕ್ ಎಂದಿತು. ಅವರು ನನ್ನತ್ತ ತಿರುಗಿದರು. ಹಾಳಾದ ಟೇಪು ಅಂದುಕೊಂಡೆ ಎಂದೆ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಕ್ಯಾಸೆಟ್ ಹೊರತೆಗೆದು ಅದರ ಡಬ್ಬಿಗೆ ಹಾಕಿದರು.

“ಟೇಪಲ್ಲಿದ್ದಿದ್ದು ಅವರ ನಡಿಗೆಯ ನಕಲು. ಅಸಲು ಅವರ ಹತ್ರಾನೇ ಇದೆ. ಬನ್ನಿ, ಕೇಳೋಣ.”

ಅಂಚೆಯವರು ಏಳಲು ಒಪ್ಪಲಿಲ್ಲ. ಏಳಿ ಎಂದು ಮೇಡಂ ಹೇಳಲೂ ಇಲ್ಲ. ಟೀವಿಯನ್ನು ಅವರ ಕುರ್ಚಿಯ ಮುಂದಕ್ಕೆ ತಳ್ಳಿ, ನೀವು ಹೇಗೆ ನಡೆಯುತ್ತಿದ್ದಿರಿ, ಕೂತೇ ತೋರಿಸಿ ಎಂದರು. ಅವರು ಎಡ ಅಂಗೈಯಿಂದ ತೊಡೆ ತಟ್ಟಿದರು, ಪ್ಲಾಸ್ಟರಿನ ಕೈಯನ್ನು ಕುರ್ಚಿಯ ಮರದ ತೋಳಿಗೆ ಮೆಲ್ಲಗೆ ಕುಟ್ಟಿದರು. ಮೇಡಂ ಕಿವಿಗೊಟ್ಟು ಚುಕ್ಕೆ ಇಟ್ಟರು, ಗೆರೆ ಓಡಿತು. “ಅಲ್ಲ ಮೇಡಂ, ಇನ್ನೊಂಚೂರು ತಡ” ಎಂದರು ಅಂಚೆಯವರು. ಇಪ್ಪತ್ತೊಂದಾಯಿತು. ಅಲ್ಲವೆಂದು ತಲೆಯಾಡಿಸಿದರು. ಇಪ್ಪತ್ತೆರಡಕ್ಕೆ ಹೋದಾಗ ಅವರ ಮುಖ ಅರಳಿತು, ಅದೇ ಅದೇ ಎಂದರು. ಬಿದ್ದ ಮೇಲೆ ಎರಡು ಮನೆ ಕಳೆದುಕೊಂಡಿದ್ದೇನೆ ಎಂದು ರೋಗಿಯೇ ಲೆಕ್ಕ ಹೇಳಿದಂತಾಯಿತು. ಮಾರನೆಯ ದಿನ ಕುರ್ಚಿಯಲ್ಲಿ ಕೂತೇ ಪಾದ ತಟ್ಟಿದರು. ನಾಲ್ಕನೇ ದಿನ ಎದ್ದು ನಿಂತರು. ಆಗ ಅವರ ಬಲಗಡೆ, ಅಂಗಿ ತಾಗುವಷ್ಟು ಹತ್ತಿರ, ನನ್ನನ್ನೇ ನಿಲ್ಲಿಸಿದರು ಮೇಡಂ. ಅವರ ನಂಬಿಕೆ ದೊಡ್ಡದೋ ಅಂಚೆಯವರ ಧೈರ್ಯ ದೊಡ್ಡದೋ ನನಗೆ ಇವತ್ತಿಗೂ ತಿಳಿಯದು.

ಈ ನಡುವೆ, ಬಿದ್ದದ್ದು ಹೇಗೆ ಎಂದು ಆಡಳಿತ ವಿವರಣೆ ಕೇಳಿತು. ಆ ವರ್ಷವೇ ನಿವೃತ್ತರಾಗಲಿದ್ದ ಮುಖ್ಯಸ್ಥರ ಜಾಗಕ್ಕೆ ಮೇಡಂ ಬರುವುದು ಬಹುತೇಕ ಖಚಿತವಾಗಿತ್ತು. ಅವರು ಬರೆದುಕೊಟ್ಟದ್ದು ಎರಡೇ ಸಾಲು: ಆ ಕೊಠಡಿಯ ಚಿಕಿತ್ಸೆಗೆ ನಾನೇ ಹೊಣೆ, ರಜೆಗೆ ಹೋಗುವಾಗ ನಾನು ಕೊಟ್ಟ ಸೂಚನೆ ಸ್ಪಷ್ಟವಾಗಿರಲಿಲ್ಲ. ಎರಡು ಬಣ್ಣದ ಶಾಯಿಯ ಸೂಚನೆ! ನಾನು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಸುಮ್ಮನಿದ್ದೆ. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಮುಖ್ಯಸ್ಥರ ಹುದ್ದೆ ಅವರಿಗೆ ನಾಲ್ಕು ವರ್ಷ ತಡವಾಗಿ ಬಂತು. ಆ ನಾಲ್ಕು ವರ್ಷದಲ್ಲಿ ಒಂದು ಮಾತಿನಲ್ಲಾಗಲಿ, ಒಂದು ನೋಟದಲ್ಲಾಗಲಿ ಅವರು ನನಗೆ ಅದನ್ನು ನೆನಪಿಸಲಿಲ್ಲ.

ಏಳು ವಾರದಲ್ಲಿ ಬಲಗಾಲು ಇಪ್ಪತ್ತೆರಡರಿಂದ ಹದಿನೆಂಟಕ್ಕೆ ಬಂತು. ಮಂಡಳಿಯ ಮುಂದೆ ಕಂಪ್ಯೂಟರ್ ಇರುವುದಿಲ್ಲವಲ್ಲ, ಅದಕ್ಕಾಗಿ ಮೇಡಂ ದಿನದಿಂದ ದಿನಕ್ಕೆ ಟೀವಿಯ ಸದ್ದು ತಗ್ಗಿಸುತ್ತಾ ಹೋದರು. ಕೊನೆಗೆ ಸದ್ದೇ ಇಲ್ಲದೆ ಗೆರೆ ಮಾತ್ರ ಓಡುತ್ತಿತ್ತು. ಆಮೇಲೆ ಅದಕ್ಕೂ ಬೆನ್ನು ಹಾಕಿ ನಡೆಸಿದರು. ಇನ್ನೊಂದೇ ಮನೆ, ಹದಿನೇಳಕ್ಕೆ ತಂದುಬಿಡೋಣ ಎಂದು ನಾನು ಗೋಗರೆದೆ. ಅದೊಂದು ಮನೆ ಅವರಿಗೇ ಇರಲಿ, ಕಸಿದುಕೊಂಡರೆ ಮತ್ತೆ ಬೀಳುತ್ತಾರೆ ಎಂದರು ಮೇಡಂ.

ಮಂಡಳಿಯ ದಿನ ನಾವಿಬ್ಬರೂ ಅಂಚೆಯವರ ಹೆಂಡತಿಯೊಂದಿಗೆ ಮುಚ್ಚಿದ ಬಾಗಿಲಿನ ಹೊರಗೆ ಬೆಂಚಿನಲ್ಲಿ ಕೂತಿದ್ದೆವು. ಒಳಗಿನಿಂದ ಹೆಜ್ಜೆ ಕೇಳಿಸತೊಡಗಿತು. ಮೇಡಂ ಕಣ್ಣು ಮುಚ್ಚಿದರು. ಮೆಟ್ಟಿಲಿನ ಬಳಿ ಸದ್ದು ನಿಂತಾಗ ಅಂಚೆಯವರ ಹೆಂಡತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೀಳಿಸಿದವನ ಕೈ ಅದು ಎಂದು ಆಕೆಗೆ ತಿಳಿದಿರಲಿಲ್ಲ. ಸದ್ದು ಮತ್ತೆ ಶುರುವಾಯಿತು, ಮೇಲೆ ಹೋಯಿತು, ಕೆಳಗೆ ಬಂತು. “ಹದಿನೆಂಟು” ಎಂದು ಮೇಡಂ ಕಣ್ಣು ತೆರೆದರು. ಒಳಗೆ ವೈದ್ಯರು, ಬಲಗಾಲು ಚೂರು ತಡವಾಗುತ್ತದಲ್ಲ ಎಂದಿದ್ದಕ್ಕೆ ಅಂಚೆಯವರು, “ಅದು ನನ್ ನಡಿಗೆ ಸಾರ್” ಎಂದರಂತೆ. ಮಂಡಳಿ ಅರ್ಹ ಎಂದು ಬರೆಯಿತು. ಒಂಬತ್ತು ವರ್ಷ ಅವರು ಅದೇ ಬೀದಿಗಳಲ್ಲಿ ಪತ್ರ ಹಂಚಿದರು.

ನಿವೃತ್ತಿಯ ನಂತರವೂ ಮಂಗಳವಾರ, ಶುಕ್ರವಾರ ಬಂದು ಹೊಸ ರೋಗಿಗಳ ನಡಿಗೆ ಕೇಳುವುದಾಗಿ ಮೇಡಂ ಮಾತು ಕೊಟ್ಟಿದ್ದಾರೆ. ಯಂತ್ರ ಅವರದೇ ಆದರೂ ಇಲ್ಲೇ ಇರುತ್ತದೆ. ಅವರ ಕಿವಿ ಚುರುಕಾಗಿಯೇ ಇರಲಿ, ಅವರ ಸ್ವಂತ ಮಂಡಿಗಳು ನಮ್ಮ ಚಿಕಿತ್ಸೆಯ ಹಂಗಿಗೆ ಬೀಳದಿರಲಿ, ನೂರರ ಮನೆಯನ್ನು ಅವರು ನಡೆದೇ ಮುಟ್ಟಲಿ ಎಂದು ಇಡೀ ವಿಭಾಗದ ಪರವಾಗಿ ಹಾರೈಸುತ್ತೇನೆ. ಮುಂದಿನ ತಿಂಗಳಿಂದ ಅವರ ಕುರ್ಚಿಯಲ್ಲಿ ಕೂರಬೇಕಾದವನು ನಾನು. ಕೂರುವ ಮೊದಲು ಇದನ್ನೆಲ್ಲ ಬರೆದು ಕಳೆದ ವಾರ ಅವರ ಕೈಗಿತ್ತೆ; ಅದಕ್ಕೂ ಮುಂಚೆ ಅಂಚೆಯವರ ಮನೆಗೆ ಹೋಗಿ ಬಾಯಾರೆ ಹೇಳಿ ಬಂದಿದ್ದೆ. ಮೇಡಂ ಪೆನ್ಸಿಲ್ ಹಿಡಿದು ಓದಿದರು. ಬಲಗಾಲು ಎನ್ನಬೇಕಾದಲ್ಲಿ ನಾನು ಒಂದು ಕಡೆ ಎಡಗಾಲು ಎಂದಿದ್ದನ್ನು ತಿದ್ದಿದರು. ಕ್ಯಾಸೆಟ್ಟಿನ ಭಾಗವನ್ನೂ ವಿವರಣೆಯ ಭಾಗವನ್ನೂ ಉದ್ದಕ್ಕೆ ಹೊಡೆದುಹಾಕಿ, ಅಂಚಿನಲ್ಲಿ ಹೀಗೆ ಬರೆದರು: ‘ಇದು ಬೇಡ. ಇಷ್ಟು ಜಾಗ ಉಳಿದರೆ ಪ್ರೋಗ್ರಾಂ ಲೋಡ್ ಮಾಡುವ ಕ್ರಮ ಬರೆಯಿರಿ, ಮುಂದೆ ಬರುವವರಿಗೆ ಬೇಕಾಗುತ್ತದೆ.’

ಇಪ್ಪತ್ತಾರು ವರ್ಷಗಳಲ್ಲಿ ಅವರ ಲಿಖಿತ ಸೂಚನೆಯನ್ನು ನಾನು ಮೀರಿದ್ದು ಒಂದೇ ಸಲ, ಅಂದು ಬಿದ್ದವರು ಅಂಚೆಯವರು, ಪೆಟ್ಟು ತಿಂದವರು ಮೇಡಂ. ಇಂದು ಎರಡನೇ ಸಲ ಮೀರುತ್ತಿದ್ದೇನೆ. ಅವರು ಹೊಡೆದುಹಾಕಿದ್ದೆಲ್ಲ ಮೇಲೆ ಇದ್ದ ಹಾಗೆಯೇ ಇದೆ. ಈ ಸಲ ಬೀಳುವುದು ನಾನೊಬ್ಬನೇ ಆಗಲಿ.