ಶರಣಪ್ಪನ ಕೆಂಪು ಚುಕ್ಕಿ

ಶರಣಪ್ಪ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಬೆರಳಿನ ಮೇಲೆ ಸೋಲ್ಡರಿಂಗ್ ಸುಟ್ಟ ಕಲೆ ಕಾಣದಿದ್ದರೆ ಮಾತೇ ಇಲ್ಲ. ನನ್ನ ಕೈ ನೋಡಿ, "ಕಂಪ್ಯೂಟರ್ ಕೈ. ಇಲ್ಲೇನು ಕೆಲಸ ಐತಿ ನಿನಗ?" ಅಂದ. ಕೋಠಿಯ ಹಿಂದಿನ ಗಲ್ಲಿಯಲ್ಲಿ ಹಳೇ ಯಂತ್ರಗಳ ಗುಜರಿ ಅಂಗಡಿ ಅವನದು. ರಾಯಚೂರು ಕಡೆಯವನು, ಈ ತೆಲುಗು ಊರಿನಲ್ಲಿ ಕನ್ನಡ ಕೇಳಿದರೆ ಕರಗಿಯಾನು ಎಂದುಕೊಂಡಿದ್ದೆ. ಎಲ್ಲಿಯ ಕರಗುವುದು, ಕನ್ನಡದಲ್ಲೇ ಬೈದ.

ನನಗೆ ಬೇಕಿದ್ದದ್ದು ನಾಲ್ಕು ಅಂಕಿ ಟ್ಯೂಬು. ಹೆಬ್ಬೆರಳಿನಷ್ಟು ಗಾಜಿನ ಬುರುಡೆ, ಒಳಗೆ ಸೊನ್ನೆಯಿಂದ ಒಂಬತ್ತರವರೆಗೆ ತಂತಿಯ ಅಂಕಿಗಳು ಒಂದರ ಹಿಂದೊಂದು. ಕರೆಂಟು ಹರಿದ ಅಂಕಿ ಮಾತ್ರ ಕೆಂಡದ ಹಾಗೆ ಹೊಳೆಯುತ್ತದೆ. ಅಪ್ಪ ಬಾಲಾನಗರದ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಇಂಥ ಟ್ಯೂಬಿನ ಮೀಟರುಗಳನ್ನು ರಿಪೇರಿ ಮಾಡಿದವರು. ಆ ತಿಂಗಳ ಕೊನೆಗೆ ನಿವೃತ್ತಿ. ಅಂದು ನನ್ನ ಕೈಯಾರೆ ಮಾಡಿದ ಗಡಿಯಾರ ಅವರ ಮೇಜಿನ ಮೇಲಿರಬೇಕೆಂದು ನನ್ನ ಹಟ. ವಿದೇಶದಿಂದ ತರಿಸಲು ಹೊಸ ನೌಕರಿಯ ಸಂಬಳ ಸಾಲುತ್ತಿರಲಿಲ್ಲ. ಈ ಮನುಷ್ಯನ ಹೊರತು ಗತಿಯಿರಲಿಲ್ಲ.

ಎರಡನೇ ಸಲ ಹೋದಾಗ ಎರಡು ತಂತಿ ಕೊಟ್ಟು ಬೆಸೆಯಲು ಹೇಳಿದ. ಬೆಸೆದೆ. ಉಗುರಿನಿಂದ ಮೀಟಿ ಬಿಡಿಸಿ, ಗಲ್ಲಾದ ಮೇಲೆ ಎಸೆದು ನಕ್ಕ. ಆ ನಗುವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೂರನೇ ಸಲ ನನ್ನ ಬೆರಳಿನ ಹೊಸ ಸುಟ್ಟ ಕಲೆ ನೋಡಿ, ಹತ್ತಿಯಲ್ಲಿ ಸುತ್ತಿದ ನಾಲ್ಕು ಟ್ಯೂಬು ಮುಂದಿಟ್ಟ. ನಾನು ಹೆದರಿದ್ದ ಬೆಲೆಯ ಕಾಲುಭಾಗವನ್ನಷ್ಟೇ ಹೇಳಿದ.

"ಗಡಿಯಾರಕ ಎಷ್ಟು ಬೇಕೋ ಅಷ್ಟು ಉರೀತಾವ," ಅಂದ. "ಹೆಚ್ಚಿಂದು ಕೇಳಬ್ಯಾಡ."

ಎರಡು ಟ್ಯೂಬಿನ ನೆತ್ತಿಯ ಮೇಲೆ ನೇಲ್ ಪಾಲಿಶಿನ ಕೆಂಪು ಚುಕ್ಕಿ ಇತ್ತು. ಅಸಹ್ಯವಾಗಿ ಕಂಡಿತು. ಮನೆಗೆ ಬಂದವಳೇ ಪಾಲಿಶ್ ರಿಮೂವರ್ ಹಚ್ಚಿ ಒರೆಸಿಬಿಟ್ಟೆ.

ನನ್ನ ನೌಕರಿ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ನಾಲ್ಕು ಟ್ಯೂಬಿನ ಹತ್ತತ್ತು ಅಂಕಿಗಳನ್ನೂ ಒಂದೊಂದಾಗಿ ಉರಿಸಿ ನಲವತ್ತು ಸಾಲಿನ ಪಟ್ಟಿ ಮಾಡಿದೆ. ಎರಡು ಟ್ಯೂಬುಗಳಲ್ಲಿ ಏಳು, ಎಂಟು, ಒಂಬತ್ತು ಸತ್ತಿದ್ದವು. ಮರುದಿನವೇ ಟ್ಯೂಬುಗಳನ್ನೂ ಆ ಪಟ್ಟಿಯನ್ನೂ ಅವನ ಮುಂದೆ ಹಿಡಿದೆ. ಅಂಗಡಿ ತುಂಬ ಜನ. ಎಲ್ಲರಿಗೂ ತಿಳಿಯಲೆಂದೇ ಹಿಂದಿಯಲ್ಲಿ ಮೋಸಗಾರ ಅಂದೆ, ಹೆಣ್ಣುಮಗಳೆಂದು ಟೋಪಿ ಹಾಕಿದ್ದೀಯ ಅಂದೆ.

ಶರಣಪ್ಪ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿದ. ಕೆಟ್ಟವು ಯಾವೆರಡು ಎಂದು ಕೇಳಿದ. ತೋರಿಸಿದೆ. ಅವೆರಡನ್ನೂ ಕಟ್ಟೆಯ ಮೇಲಿಟ್ಟು, ಸುತ್ತಿಗೆಯಿಂದ ಒಂದೊಂದೇ ಏಟು ಹಾಕಿ ಪುಡಿ ಮಾಡಿದ. ಅವೆರಡರ ದುಡ್ಡು ನನ್ನ ಕಡೆ ತಳ್ಳಿ, "ನಡಿ" ಅಂದ.

ನಿವೃತ್ತಿಗೆ ನಾಲ್ಕು ದಿನ ಉಳಿದಿತ್ತು. ತಡೆಯಲಾರದೆ ಅಪ್ಪನೆದುರು ಗುಟ್ಟು ಒಡೆದು ಅವನನ್ನು ಬಾಯಿತುಂಬ ಬೈದೆ. ಅಪ್ಪ ಪಟ್ಟಿಯ ಇನ್ನೊಂದು ಪ್ರತಿಯನ್ನು ಸಾಲು ಸಾಲಾಗಿ ನೋಡಿದರು.

"ಚುಕ್ಕಿ ಏನರ ಇದ್ವೇನವ್ವಾ ಅವಕ್ಕ?" ಅಂದರು. ಇದ್ದವು ಅಂದೆ. "ಅವು ಹತ್ತರ ಸ್ಥಾನಕ್ಕ ಇಡೂವು. ಗಂಟಿ ಇಪ್ಪತ್ತಮೂರು ದಾಟೂದಿಲ್ಲ, ನಿಮಿಷ ಐವತ್ತೊಂಬತ್ತು ದಾಟೂದಿಲ್ಲ. ಅಲ್ಲಿ ಏಳು, ಎಂಟು ಯಾವಾಗ ಬರ್ತೈತಿ?"

ತಪ್ಪು ನನ್ನದೇ ಎಂದು ತಿಳಿಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಆ ಪುಣ್ಯಾತ್ಮನಿಗೆ ಇದೊಂದು ಮಾತು ಬಾಯಿಬಿಟ್ಟು ಹೇಳಲು ಏನು ಧಾಡಿಯಾಗಿತ್ತು?

ತಪ್ಪಾಯಿತು ಎನ್ನಲು ಮರುದಿನ ಹೋದೆ. ಬೇರೆ ಟ್ಯೂಬು ಕೇಳಲು ಬಾಯಿ ಬರಲಿಲ್ಲ. ಶರಣಪ್ಪ ಈ ಸಲ ಕೈಯನ್ನೂ ನೋಡಲಿಲ್ಲ. ಮೊಳೆಗೆ ಚುಚ್ಚಿದ್ದ ನನ್ನ ಪಟ್ಟಿಯನ್ನು ಕಿತ್ತು ಕೊಟ್ಟ.

"ಇದರಾಗ ಒಂದೂ ತಪ್ಪಿಲ್ಲ," ಅಂದ. "ಒಯ್ಯಿ."

ಆಮೇಲೆ ಅವನನ್ನು ನೋಡಲಿಲ್ಲ. ಒಂದೆರಡು ವರ್ಷಕ್ಕೆ ಅಲ್ಲಿ ಮೊಬೈಲ್ ಕವರಿನ ಅಂಗಡಿ ಬಂತು. ಶರಣಪ್ಪ ಎಂದರೆ ಯಾರು ಎಂದು ನನ್ನನ್ನೇ ಕೇಳಿದರು.

ಅಪ್ಪನ ಮೇಜಿನ ಮೇಲಿರುವುದು ಉಳಿದ ಎರಡೇ ಟ್ಯೂಬಿನ ಗಡಿಯಾರ. ಮೊದಲು ಗಂಟೆ ತೋರಿಸಿ ಆರುತ್ತದೆ, ಆಮೇಲೆ ನಿಮಿಷ ತೋರಿಸುತ್ತದೆ. ಅಪ್ಪ ಗಂಟೆ ನೋಡಿ, ನಿಮಿಷ ಬರಲೆಂದು ಕನ್ನಡಕ ಹಿಡಿದು ಕಾಯುತ್ತಾರೆ. ಅವರು ಕಾಯುವಷ್ಟು ಹೊತ್ತು ನಾನು ಶರಣಪ್ಪನನ್ನು ಬೈಯುತ್ತೇನೆ. ನಿಮಿಷ ಬರುವಷ್ಟರಲ್ಲಿ ಆ ಬೈಗುಳ ತಿರುಗಿ ನನಗೇ ಬಂದಿರುತ್ತದೆ.