ಹೆಡ್ ಕ್ಲರ್ಕ್ ಚನ್ನಬಸಯ್ಯನವರಿಗೆ ಬಂದ ಫ್ಲೂ

ಮುಂಬಯಿಯ ಭಾಂಡುಪಿನ ಒಂದು ಬಲ್ಬು ಕಾರ್ಖಾನೆಯಲ್ಲಿ ಯಾರಿಗೆ ಜ್ವರ ಬಂದಿದೆ, ಯಾರಿಗೆ ಬಂದಿಲ್ಲ ಎಂದು ತೀರ್ಮಾನಿಸುತ್ತಿದ್ದವರು ಡಾಕ್ಟರಲ್ಲ, ರಜೆ ವಿಭಾಗದ ಹೆಡ್ ಕ್ಲರ್ಕ್ ಚನ್ನಬಸಯ್ಯ. ವಿಜಾಪುರದ ಕಡೆಯವರು, ಸಯನ್ನಿನ ಚಾಳಿನಲ್ಲಿ ವಾಸ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ದಿನವೂ ಹಾಸಿಗೆ ಹಿಡಿದವರಲ್ಲ. ಹಾಗಾಗಿ ಕಾಯಿಲೆಯೆಂಬುದು ಉಳಿದವರ ನಡತೆಯ ದೋಷವೆಂದೇ ನಂಬಿದ್ದರು.

೧೯೫೭ರ ಜೂನ್ ತಿಂಗಳಲ್ಲಿ ಮುಂಬಯಿಗೆ ಹೊಸ ಫ್ಲೂ ಬಂತು. ಪ್ಯಾಕಿಂಗ್ ವಿಭಾಗದ ಐತ, ಉಡುಪಿ ಕಡೆಯವನು, ನಡುಗುತ್ತ ಬಂದು ಅವರ ಮೇಜಿನ ಮುಂದೆ ನಿಂತ.

“ನಿನ್ನೆ ಮಧ್ಯಾಹ್ನದವರೆಗೆ ಸರಿ ಇದ್ದೆ ಅಯ್ಯಾ. ಒಮ್ಮೆಲೇ ಚಳಿ ಹಿಡಿಯಿತು. ಒಣಕೆಮ್ಮು. ಕಣ್ಣು ತಿರುಗಿಸಿದರೂ ನೋವುಂಟು.”

“ಮೂಗು ಸೋರತೈತೇನು?”

“ಇಲ್ಲ.”

“ನೆಗಡೀನ ಇಲ್ಲ, ಫ್ಲೂ ಎಲ್ಲಿಂದ ಬಂತೋ? ಹೋಗು, ಕೆಲಸ ಮಾಡು.”

ಐತ ಕೆಲಸವನ್ನೂ ಮಾಡಿದ, ಕೆಮ್ಮಿದ ಕೂಡ. ನಾಲ್ಕನೇ ದಿನಕ್ಕೆ ಪ್ಯಾಕಿಂಗಿನ ಹನ್ನೆರಡು ಜನ ಗೈರುಹಾಜರು. ಇದೊಂದು ಒಳಸಂಚೆಂದು ವರದಿ ಬರೆದಿಟ್ಟು ಚನ್ನಬಸಯ್ಯ ಸಂಜೆಯ ಲೋಕಲ್ ರೈಲು ಹತ್ತಿದರು. ಘಾಟ್ಕೋಪರ್ ದಾಟುವಷ್ಟರಲ್ಲಿ ಅವರ ಹಲ್ಲು ಕಟಕಟ ಎನ್ನತೊಡಗಿತು.

ಹೆಂಡತಿ ದಾನವ್ವ ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಜ್ವರ ನೂರಾನಾಲ್ಕು. ಎಲುಬುಗಳನ್ನೆಲ್ಲ ಒನಕೆಯಲ್ಲಿ ಕುಟ್ಟಿದಂಥ ನೋವು. ಮೂಗು ಮಾತ್ರ ಒಣಗಿಯೇ ಇತ್ತು. ಅವರು ಅದನ್ನು ಮೂರು ಸಲ ಮುಟ್ಟಿ ನೋಡಿಕೊಂಡರು.

ಐದನೇ ದಿನ ಜ್ವರ ಇಳಿಯಿತು. “ನೋಡು, ಮನಸ್ಸು ಗಟ್ಟಿ ಇದ್ರ ರೋಗ ಏನ್ ಮಾಡತೈತಿ!” ಎಂದು ಕೋಟು ತೊಟ್ಟು ಹೊರಟರು. ಸಂಜೆ ಮರಳಿ ಬರುವಾಗ ಜ್ವರ ಮತ್ತೆ ಏರಿತ್ತು. ಚಾಳಿನ ಮೆಟ್ಟಿಲ ಮೇಲೆ ಉಸಿರು ಸಿಗದೆ ಕುಸಿದರು.

“ಅಯ್ಯ ಶಿವನ, ತುಟಿ ನೀಲಿ ಆಗ್ಯಾವಲ್ರೀ!” ದಾನವ್ವ ಚೀರಿದಳು.

ಆಸ್ಪತ್ರೆಯ ಡಾಕ್ಟರು ತುಕ್ಕಿನ ಬಣ್ಣದ ಕಫ ನೋಡಿ, ಫ್ಲೂ ಬೆನ್ನಿಗೇ ನ್ಯುಮೋನಿಯಾ ಸೇರಿಕೊಂಡಿದೆ ಎಂದರು. “ಇವರನ್ನು ಕೆಲಸಕ್ಕೆ ಕಳಿಸಿದವರು ಯಾರು?” ಎಂದು ಗದರಿದರು. ದಾನವ್ವ ಗಂಡನತ್ತ ಕೈ ತೋರಿಸಿದಳು.

ಆಮ್ಲಜನಕ, ಪೆನಿಸಿಲಿನ್ ಸೂಜಿ ಎಂದು ಹತ್ತು ದಿನ ಕಳೆದವು. ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಐತ ಗಂಜಿ ಹಿಡಿದು ನೋಡಲು ಬಂದ. “ಉಸಿರಿಗೆ ಕಷ್ಟ ಉಂಟಾ ಅಯ್ಯಾ?” ಎಂದಷ್ಟೇ ಕೇಳಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚನ್ನಬಸಯ್ಯನವರಿಗೆ ಗಂಜಿ ಸಲೀಸಾಗಿ ಇಳಿಯುತ್ತಿತ್ತು.

ಮತ್ತೆ ಕೆಲಸಕ್ಕೆ ಬಂದ ದಿನವೇ ಅವರು ಹನ್ನೆರಡು ಜನರ ಗೈರುಹಾಜರಿಯನ್ನೂ ಕಾಯಿಲೆ ರಜೆಯೆಂದು ತಿದ್ದಿ, ಹನ್ನೆರಡು ರಜೆ ಹಾಳೆಗಳನ್ನು ಮ್ಯಾನೇಜರ ಮುಂದಿಟ್ಟರು.

“ಪುರಾವೆ ಎಲ್ಲಿ?” ಎಂದರು ಮ್ಯಾನೇಜರು.

ಹೇಳಲು ಬಾಯಿ ತೆರೆದರೆ ಚನ್ನಬಸಯ್ಯನವರಿಗೆ ಕೆಮ್ಮು ಒತ್ತರಿಸಿ ಬಂತು. ಮ್ಯಾನೇಜರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡು, ಕುರ್ಚಿ ಹಿಂದಕ್ಕೆ ಜರುಗಿಸಿ, ಒಂದನ್ನೂ ಓದದೆ ಹನ್ನೆರಡಕ್ಕೂ ಸಹಿ ಹಾಕಿದರು.